ಟೈರಿನ ಮಾತು ಕೇಳು, ಮಾರಾಯ

ಕತಾರದ ಲೈಸೆನ್ಸ್ ಸಿಕ್ಕಿತಂತೆ, ಸಂತೋಷ. ಎರಡು ಸಲ ಫೇಲಾಗಿ ಆಮೇಲೆ ಪಾಸಾದೆ ಎಂಬುದೂ ಕಿವಿಗೆ ಬಿತ್ತು. ಊರಿಗೆ ಫೋನ್ ಮಾಡಿ ನಿನ್ನ ಅಮ್ಮನಿಗೆ ಹೇಳುವವ ನಾನಲ್ಲ, ಹೆದರಬೇಡ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಲ್ಯಾಂಡ್ ಕ್ರೂಸರ್ ತೆಗೆದುಕೊಂಡಿದ್ದೀ. ಅದೂ ತಪ್ಪಲ್ಲ. ಇಲ್ಲಿನ ಜುಲೈ ಬಿಸಿಲಲ್ಲಿ ಬಸ್ ಸ್ಟಾಪಿನವರೆಗೆ ನಡೆಯುವ ಕಷ್ಟ ನನಗೂ ಗೊತ್ತು. ಆದರೆ ಮೊನ್ನೆ ಶಮಾಲ್ ರೋಡಿನಲ್ಲಿ ನನ್ನನ್ನು ಓವರ್‌ಟೇಕ್ ಮಾಡಿದ ಬಿಳಿ ಗಾಡಿ ನಿನ್ನದೇ ತಾನೆ? ನನ್ನ ಮುಳ್ಳು 120ರಲ್ಲಿ ನಿಂತಿತ್ತು. ಹಾರ್ನ್ ಹೊಡೆದು ಮಾತಾಡಿಸೋಣ ಎನ್ನುವಷ್ಟರಲ್ಲಿ ನೀನು ಮಾಯ.

ಸ್ವಲ್ಪ ಲೆಕ್ಕ ಮಾಡು. ದೋಹಾದಿಂದ ಅಲ್ ಖೋರ್‌ಗೆ ಹೆಚ್ಚುಕಡಿಮೆ 50 ಕಿಲೋಮೀಟರ್. 120ರಲ್ಲಿ ಹೋದರೆ 25 ನಿಮಿಷ. 150ರಲ್ಲಿ ಹೋದರೆ 20. ಉಳಿದದ್ದು ಐದು ನಿಮಿಷ. ಆ ಐದು ನಿಮಿಷದಲ್ಲಿ ನೀನು ಏನು ಮಾಡಿದೆ? ಕರಕ್ ಚಹಾ ತರುವ ಹುಡುಗ ನಿನ್ನ ಕಾರಿನ ಹತ್ತಿರ ಬರಲಿ ಎಂದು ಕಾದೆ, ಮೊಬೈಲ್ ತಿಕ್ಕಿದೆ. ಅಷ್ಟೇ ತಾನೆ?

120 ಎಂದರೆ ನಿನಗೆ ಅಸಡ್ಡೆ. ಹಾಗಾದರೆ ಈ ಸಂಗತಿ ಕೇಳು. 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ರೇಸು ನಡೆಯಿತು. 40 ಕಾರು, 200 ಸುತ್ತು, ಇಟ್ಟಿಗೆ ಹಾಸಿದ ನೆಲ. ಆ ಕಾಲಕ್ಕೆ ಅಮೆರಿಕದಲ್ಲಿ ಸ್ಪೀಡಿಗೆ ಹೆಸರಾದ ಗಂಡುಗಳು ಎಷ್ಟೋ ಮಂದಿ ಅಲ್ಲಿ ಸೇರಿದ್ದರು. ಗೆದ್ದವನು ರೇ ಹ್ಯಾರೂನ್, ಹಳದಿ ಬಣ್ಣದ ಮಾರ್ಮನ್ ವಾಸ್ಪ್ ಕಾರಿನಲ್ಲಿ. ತೆಗೆದುಕೊಂಡ ಸಮಯ 6 ಗಂಟೆ 42 ನಿಮಿಷ. ಸರಾಸರಿ ವೇಗ ಗಂಟೆಗೆ 74.6 ಮೈಲಿ. ಅದನ್ನು ಕಿಲೋಮೀಟರಿಗೆ ತಿರುಗಿಸು, ಸರಿಯಾಗಿ 120 ಬರುತ್ತದೆ. ಅವನಿಗೆ ತಲೆಯ ಮೇಲೆ ಚಾವಣಿ ಇರಲಿಲ್ಲ, ಸೊಂಟಕ್ಕೆ ಬೆಲ್ಟ್ ಇರಲಿಲ್ಲ, ಕಂಪನಕ್ಕೆ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಜಗತ್ತೇ ಬೆರಗಾಗಿ ನೋಡಿದ ಆ ವೇಗವನ್ನು ಇವತ್ತು ಶಮಾಲ್ ರೋಡಿನಲ್ಲಿ ಸರ್ಕಾರವೇ ನಿನಗೆ ಪುಕ್ಕಟೆ ಕೊಟ್ಟಿದೆ. ಏಸಿ ಹಾಕಿಕೊಂಡು, ಹಾಡು ಕೇಳಿಕೊಂಡು ಹೋಗು ಎಂದಿದೆ. ಅದೂ ನಿನಗೆ ಸಾಲದು!

ಹ್ಯಾರೂನ್ ಗೆದ್ದದ್ದು ಹೇಗೆ ಎನ್ನುವುದು ನಿನಗೆ ಬೇಕಾದ ಪಾಠ. ಅವನು ಹೊರಟದ್ದು 28ನೆಯವನಾಗಿ. ಮುಂದಿದ್ದವರೆಲ್ಲ ಶುರುವಿನಿಂದಲೇ ಒಬ್ಬರ ಮೇಲೊಬ್ಬರು ಬಿದ್ದು ಓಡಿಸಿದರು. ಇವನು ಎಂಜಿನಿಯರ್. ಟೈರಿನ ಸವೆತ ಲೆಕ್ಕ ಹಾಕಿಟ್ಟಿದ್ದ. ಗಂಟೆಗೆ 75 ಮೈಲಿ ದಾಟಿದರೆ ಟೈರು ದಿಢೀರನೆ ಸವೆಯುತ್ತದೆ, ಅದರ ಕೆಳಗಿದ್ದರೆ ಬಾಳುತ್ತದೆ ಎಂದು ಗೊತ್ತು ಮಾಡಿಕೊಂಡಿದ್ದ. ಉಳಿದವರು ಹಾರಿ ಹೋಗಲಿ ಎಂದು ಬಿಟ್ಟ. ಅವರು ಮತ್ತೆ ಮತ್ತೆ ನಿಂತು ಟೈರು ಬದಲಿಸುತ್ತಿದ್ದಾಗ ಇವನು ಸದ್ದಿಲ್ಲದೆ ಸುತ್ತು ಹಾಕುತ್ತಿದ್ದ. ನಡುವೆ ಸುಸ್ತಾಯಿತು. ಸ್ಟೀರಿಂಗನ್ನು ಸೈರಸ್ ಪ್ಯಾಚ್‌ಕೀ ಎಂಬ ಬದಲಿ ಚಾಲಕನ ಕೈಗೆ ಕೊಟ್ಟು ಕೆಲವು ಸುತ್ತು ಕೂತು ಸುಧಾರಿಸಿಕೊಂಡ. ಅಮೆರಿಕದ ಚಾಂಪಿಯನ್ನನಿಗೆ ‘ನನಗೆ ದಣಿವಾಗಿದೆ’ ಎನ್ನಲು ನಾಚಿಕೆಯಿರಲಿಲ್ಲ. ನೀನೋ, ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಿನಲ್ಲೇ ಸೀಲೈನ್‌ನ ಮರಳಿಗೆ ಹೊರಡುತ್ತೀ. ಪಕ್ಕದಲ್ಲಿ ಲೈಸೆನ್ಸ್ ಇರುವ ಗೆಳೆಯ ಕೂತಿದ್ದರೂ ಕೀ ಬಿಡುವುದಿಲ್ಲ. ಕಾರು ನನ್ನದು ಅನ್ನುವ ಜಂಬ. ಕಾರು ಬ್ಯಾಂಕಿನದು, ಮಾರಾಯ. ಇನ್ನೂ ಎಷ್ಟು ಕಂತು ಬಾಕಿಯಿದೆ ಎಂದು ನಿನಗೇ ಗೊತ್ತು.

ಇನ್ನೊಂದು ತಮಾಷೆ. ಆಗ ರೇಸಿನ ಕಾರಿನಲ್ಲಿ ಇಬ್ಬರು ಕೂರುತ್ತಿದ್ದರು. ಚಾಲಕನ ಪಕ್ಕದ ಮೆಕ್ಯಾನಿಕ್ ಹಿಂದೆ ತಿರುಗಿ ಯಾರು ಬರುತ್ತಿದ್ದಾರೆ ಎಂದು ಹೇಳಬೇಕು. ಹ್ಯಾರೂನ್ ಭಾರ ಕಡಿಮೆಯಾಗಲಿ ಎಂದು ಒಬ್ಬನೇ ಕೂತ. ಉಳಿದ ಚಾಲಕರು ಗಲಾಟೆ ಎಬ್ಬಿಸಿದರು: ಹಿಂದಿನದು ಕಾಣದವನ ಜೊತೆ ಓಡಿಸುವುದು ಹೇಗೆ? ಅವನು ಷಿಕಾಗೋದಲ್ಲಿ ಕುದುರೆ ಗಾಡಿಯೊಂದಕ್ಕೆ ಕಟ್ಟಿದ್ದ ಕನ್ನಡಿಯನ್ನು ನೋಡಿದ್ದ. ಅದನ್ನೇ ನೆನಪಿಸಿಕೊಂಡು ತನ್ನ ಕಾರಿಗೂ ಒಂದು ಕನ್ನಡಿ ಕಟ್ಟಿಸಿದ. ಗಲಾಟೆ ನಿಂತಿತು. ಇಟ್ಟಿಗೆಯ ಮೇಲಿನ ಕುಲುಕಾಟಕ್ಕೆ ಆ ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ ಎಂದು ಆಮೇಲೆ ಅವನೇ ಒಪ್ಪಿಕೊಂಡನಂತೆ! ನಿನ್ನ ಗಾಡಿಗೆ ಮೂರು ಕನ್ನಡಿ, ಮೇಲೆ ಕ್ಯಾಮೆರಾ. ಎಲ್ಲದರಲ್ಲೂ ಚೆನ್ನಾಗಿ ಕಾಣುತ್ತದೆ. ನೋಡುವ ಮನಸ್ಸು ಬೇಕು, ಅಷ್ಟೆ. ಒಳಗಿನ ಕನ್ನಡಿ ತಲೆ ಬಾಚಿಕೊಳ್ಳಲು ಕೊಟ್ಟದ್ದಲ್ಲ.

ಅದೇ ರೇಸಿನಲ್ಲಿ ಇನ್ನೊಂದು ಕಾರಿನಲ್ಲಿ ಕೂತಿದ್ದ ಸ್ಯಾಮ್ ಡಿಕ್ಸನ್ ಎಂಬ ಮೆಕ್ಯಾನಿಕ್ ಸತ್ತ. ಸ್ಟೀರಿಂಗ್ ಹಿಡಿದವನು ಬದುಕಿದ, ನಂಬಿ ಪಕ್ಕದಲ್ಲಿ ಕೂತವನು ಹೋದ. ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೋ. ಹ್ಯಾರೂನ್ ಗೆದ್ದು ಇಳಿದವನು ಮತ್ತೆ ರೇಸಿಗೆ ಹತ್ತಲೇ ಇಲ್ಲ. 89 ವರ್ಷ ಬದುಕಿ 1968ರಲ್ಲಿ ತೀರಿಕೊಂಡ. ಅವನ ಕಾಲದ ರೇಸುಗಾರರಲ್ಲಿ ಮುದುಕರಾದವರು ಕಡಿಮೆ.

ಹಳೇ ಕಾಲದ ಅಮೆರಿಕದ ಅಜ್ಜನ ಕಥೆ ಬೇಡ ಎನ್ನುತ್ತೀಯಾ? ಹಾಗಾದರೆ ಇಲ್ಲಿಯವನನ್ನೇ ನೋಡು. ನಿನ್ನ ಮೊಬೈಲಿನ ಪರದೆಯ ಮೇಲೆ ಯಾರ ಫೋಟೋ ಇದೆ ಎಂದು ನನಗೆ ಗೊತ್ತು. ನಾಸಿರ್ ಅಲ್ ಅತ್ತಿಯಾ. 1970ರಲ್ಲಿ ಇದೇ ದೋಹಾದಲ್ಲಿ ಹುಟ್ಟಿದವನು. 2011, 2015, 2019, 2022, 2023ರ ಡಕಾರ್ ಎಂಬ ಮರುಭೂಮಿ ರ್‍ಯಾಲಿ ಅವನದು. ಕಾರು ವಿಭಾಗದಲ್ಲಿ ಡಕಾರ್ ಗೆದ್ದ ಮೊದಲ ಅರಬ. ನೀನು ಅವನ ಜಿಗಿತ ನೋಡಿದ್ದೀ, ಮರಳು ದಿಬ್ಬದ ಮೇಲಿಂದ ಕಾರು ಗಾಳಿಗೆ ಏರುವ ವಿಡಿಯೋ ನೋಡಿದ್ದೀ. ಅವನು ಸೋತ ವರ್ಷಗಳನ್ನು ಓದಿದ್ದೀಯಾ?

2009ರಲ್ಲಿ ದಕ್ಷಿಣ ಅಮೆರಿಕದ ಡಕಾರ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ. ಎಂಜಿನ್ ಕಾಯುತ್ತಿದೆ ಎಂದು ಮೆತ್ತನೆ ಮರಳಿನ ದಿಬ್ಬಗಳನ್ನು ಬಿಟ್ಟು ಬದಿಯಿಂದ ಹೋದ. ದಾಟಲೇಬೇಕಾದ ಗುರುತುಗಳು ತಪ್ಪಿಹೋದವು. ರ್‍ಯಾಲಿಯಿಂದಲೇ ಹೊರಗೆ ಹಾಕಿದರು. ಮರುವರ್ಷ ಒಂದೂ ಗುರುತು ಬಿಡದೆ ಓಡಿಸಿದ. 14 ಹಂತ, ಸಾವಿರಾರು ಕಿಲೋಮೀಟರ್ ಮುಗಿದ ಮೇಲೆ ತನ್ನದೇ ತಂಡದ ಕಾರ್ಲೋಸ್ ಸೈನ್ಸ್‌ಗಿಂತ ಹಿಂದೆ ಬಿದ್ದದ್ದು 2 ನಿಮಿಷ 12 ಸೆಕೆಂಡು. ನಿನಗಾಗಿದ್ದರೆ ಆ ಎರಡು ನಿಮಿಷಕ್ಕೆ ವರ್ಷವಿಡೀ ಎಲ್ಲರನ್ನೂ ಬೈದುಕೊಂಡು ತಿರುಗುತ್ತಿದ್ದೆ. ಅವನು ಮುಂದಿನ ವರ್ಷ ಬಂದು ಗೆದ್ದ.

ನನಗೆ ಹೆಚ್ಚು ಇಷ್ಟವಾದದ್ದು 2023ರ ಡಕಾರ್, ಸೌದಿಯದು. ಎದುರಾಳಿ ಸೆಬಾಸ್ಟಿಯನ್ ಲೋಬ್, ಒಂಬತ್ತು ಸಲ ವಿಶ್ವ ರ್‍ಯಾಲಿ ಚಾಂಪಿಯನ್ ಆದವನು. ಲೋಬ್ ಆ ಸಲ ಏಳು ಹಂತ ಗೆದ್ದ, ಅದರಲ್ಲಿ ಆರು ಒಂದರ ಹಿಂದೊಂದು. ನಾಸಿರ್ ಗೆದ್ದ ಹಂತ ಮೂರೇ ಮೂರು. ಕೊನೆಗೆ ಕಪ್ ಯಾರಿಗೆ ಹೋಯಿತು? ನಾಸಿರ್‌ಗೆ. ಅದೂ ಒಂದು ಗಂಟೆ ಇಪ್ಪತ್ತು ನಿಮಿಷದ ಅಂತರದಲ್ಲಿ! ಗುಟ್ಟು ಎರಡನೇ ದಿನದಲ್ಲಿದೆ. ಅವತ್ತು ದಾರಿ ತುಂಬ ಚೂಪುಗಲ್ಲು. ಲೋಬ್‌ನ ಟೈರುಗಳು ಒಂದರ ಮೇಲೊಂದು ಪಂಕ್ಚರ್ ಆದವು. ಒಯ್ದ ಸ್ಪೇರ್ ಟೈರುಗಳೂ ಮುಗಿದು ಮರುಭೂಮಿಯಲ್ಲಿ ನಿಂತ. ಅವತ್ತೇ ಒಂದು ಗಂಟೆಗೂ ಮೇಲೆ ಕಳೆದುಕೊಂಡ. ಆಮೇಲೆ ಎಷ್ಟು ಹಂತ ಗೆದ್ದರೇನು? ಆ ದಿನದ ಹಂತ ನಾಸಿರ್‌ದೇ. ಕಲ್ಲು ಕಂಡಲ್ಲಿ ಕಾಲು ಎತ್ತಿದ, ಮರಳು ಕಂಡಲ್ಲಿ ಒತ್ತಿದ. ಉಳಿದ ದಿನಗಳಲ್ಲಿ ಲೋಬ್ ಮುಂದೆ ಹಾರುತ್ತಿದ್ದರೂ ಇವನಿಗೆ ಹೊಟ್ಟೆಯುರಿಯಲಿಲ್ಲ. ನಿನ್ನನ್ನು ಯಾವನೋ ಬದಿಯಿಂದ ದಾಟಿದ ಕೂಡಲೇ ನಿನ್ನ ಕಾಲು ತಾನಾಗಿಯೇ ಕೆಳಗೆ ಹೋಗುತ್ತದಲ್ಲ, ಅದು ಕಾಲಿನ ಕಾಯಿಲೆಯಲ್ಲ, ಮರ್ಯಾದೆ ಎಲ್ಲಿದೆ ಎಂದು ತಿಳಿಯದ ಕಾಯಿಲೆ. ಲೇನ್ ಬಿಟ್ಟುಕೊಟ್ಟರೆ ಯಾರ ಮೀಸೆಯೂ ಮಣ್ಣಾಗುವುದಿಲ್ಲ.

ನಾಸಿರ್‌ನ ಇನ್ನೊಂದು ಮುಖ ನಿನಗೆ ಗೊತ್ತಿರಲಾರದು. ಬಂದೂಕು. ಸ್ಕೀಟ್ ಎಂಬ ಶೂಟಿಂಗ್ ಆಟದಲ್ಲಿ 1996ರಿಂದ 2016ರವರೆಗೆ ಆರು ಒಲಿಂಪಿಕ್ಸ್ ಆಡಿದ್ದಾನೆ. ಆಟ ಹೇಗೆ ಗೊತ್ತಾ? ಬಂದೂಕಿನ ಹಿಡಿ ಸೊಂಟದ ಹತ್ತಿರವೇ ಇರಬೇಕು. ಕೂಗಿ ಹೇಳಿದ ಮೇಲೆ ಮಣ್ಣಿನ ಬಿಲ್ಲೆ ಹಾರಿ ಬರುತ್ತದೆ. ಆದರೆ ಕೂಗಿದ ಕೂಡಲೇ ಬರುತ್ತದೆ ಎಂದಿಲ್ಲ. ತಕ್ಷಣವೂ ಬರಬಹುದು, ಮೂರು ಸೆಕೆಂಡು ಬಿಟ್ಟೂ ಬರಬಹುದು. ಕಣ್ಣಿಗೆ ಕಾಣುವ ಮೊದಲು ಬಂದೂಕು ಎತ್ತಿದರೆ ತಪ್ಪು. ಕಂಡ ಮೇಲೆ ತಡ ಮಾಡಿದರೆ ಬಿಲ್ಲೆ ಹೋಯಿತು. ಮೂರು ಸೆಕೆಂಡು ಎಂದರೆ ಏನೂ ಅಲ್ಲ ಎನ್ನಬೇಡ. ಸಿಗ್ನಲ್ ಹಸಿರಾದ ಮೇಲೆ ಮುಂದಿನ ಕಾರು ಹೊರಡಲು ಅಷ್ಟು ಹೊತ್ತು ತೆಗೆದುಕೊಂಡರೆ ನೀನು ಎಷ್ಟು ಸಲ ಹಾರ್ನ್ ಒತ್ತುತ್ತೀ ಎಂದು ಎಣಿಸಿ ನೋಡು.

2004ರ ಅಥೆನ್ಸ್‌ನಲ್ಲಿ ಕಂಚಿಗಾಗಿ ಸಮ ಅಂಕ ಬಂತು. ಶೂಟ್ ಆಫ್‌ನಲ್ಲಿ ಸೋತು ನಾಲ್ಕನೆಯವನಾದ. ಎಂಟು ವರ್ಷ ಬಿಟ್ಟು 2012ರ ಲಂಡನ್ನಿನಲ್ಲಿ ಮತ್ತದೇ ಕಂಚು, ಮತ್ತದೇ ಸಮ ಅಂಕ, ಮತ್ತೆ ಶೂಟ್ ಆಫ್. ಈ ಸಲ ರಷ್ಯಾದ ವಲೇರಿ ಶೋಮಿನ್ ಒಂದು ಬಿಲ್ಲೆ ತಪ್ಪಿಸಿದ, ನಾಸಿರ್ ತಪ್ಪಿಸಲಿಲ್ಲ. ಡಕಾರ್ ಗೆದ್ದು ಒಲಿಂಪಿಕ್ ಪದಕವನ್ನೂ ಕೊರಳಿಗೆ ಹಾಕಿಕೊಂಡ. ಜನ ಅವನ ಬಲಗಾಲನ್ನು ಹೊಗಳುತ್ತಾರೆ. ನನಗೆ ಕಾಣುವುದು ಆ ಸೊಂಟದಲ್ಲೇ ನಿಂತ ಬಂದೂಕು. ಕೈಯಲ್ಲಿ ಶಕ್ತಿ ಇಟ್ಟುಕೊಂಡೂ ಸುಮ್ಮನಿರಬಲ್ಲವನೇ ರ್‍ಯಾಲಿಯಲ್ಲಿ ಎರಡು ವಾರ ಕಾರನ್ನು ಒಡೆಯದೆ ತರಬಲ್ಲ.

ಅವನು ಒಬ್ಬನೇ ಗೆದ್ದದ್ದೂ ಅಲ್ಲ. 2015ರಿಂದ 2023ರವರೆಗಿನ ನಾಲ್ಕು ಗೆಲುವಿನಲ್ಲಿ ಬದಿಯ ಸೀಟಿನಲ್ಲಿದ್ದವನು ಫ್ರಾನ್ಸಿನ ಮ್ಯಾಥ್ಯೂ ಬೋಮೆಲ್. ದಾರಿ ಹೇಳುವುದು ಅವನ ಕೆಲಸ. ಮರುಭೂಮಿಯಲ್ಲಿ ದಾರಿ ಎಂಬುದೇ ಇಲ್ಲ. ದಿಕ್ಕು, ದೂರ, ಅಪಾಯದ ಗುರುತು ಇಷ್ಟನ್ನು ರೋಡ್‌ಬುಕ್ ನೋಡಿ ಓದುತ್ತಾ ಹೋಗಬೇಕು. ಅವನು ‘ಎಡಕ್ಕೆ’ ಎಂದರೆ ನಾಸಿರ್ ಎಡಕ್ಕೆ. ‘ಯಾಕೆ’ ಎಂದು ಕೇಳುತ್ತ ಕೂತರೆ ಅಷ್ಟರಲ್ಲಿ ಹೊಂಡ ಬಂದಿರುತ್ತದೆ. ನಮ್ಮ ಕಡೆಯವನೂ ಒಬ್ಬನಿದ್ದಾನೆ: ಕಾಸರಗೋಡಿನ ಮೂಸಾ ಶರೀಫ್. ಗೌರವ್ ಗಿಲ್ ಪಕ್ಕದಲ್ಲಿ ಕೂತು ಭಾರತದ ರ್‍ಯಾಲಿ ಚಾಂಪಿಯನ್‌ಶಿಪ್ ಗೆದ್ದವನು. ಗಿಲ್ ಹೆಸರು ಎಲ್ಲರ ಬಾಯಲ್ಲಿದೆ. ತಿರುವು ಎಷ್ಟು ಬಿಗಿ, ಅದರಾಚೆ ಏನಿದೆ ಎಂದು ಓದಿ ಹೇಳಿದ ಮೂಸಾನ ಹೆಸರು ಇಲ್ಲಿ ಮನ್ಸೂರಾದಲ್ಲಿ ನಿನ್ನ ರೂಮಿನಲ್ಲಿರುವ ಕಾಸರಗೋಡಿನ ಹುಡುಗರಲ್ಲೇ ಎಷ್ಟು ಮಂದಿಗೆ ಗೊತ್ತು, ಕೇಳಿ ನೋಡು. ಮುಂದೆ ನಿನಗೆ ಮದುವೆಯಾದಾಗ ಹೆಂಡತಿ ಪಕ್ಕದಲ್ಲಿ ಕೂತು ‘ಸ್ವಲ್ಪ ನಿಧಾನ’ ಎನ್ನುತ್ತಾಳೆ. ಆಗ ಕಣ್ಣು ಕೆಂಪು ಮಾಡಬೇಡ. ಡಕಾರ್ ಚಾಂಪಿಯನ್ನನೇ ಪಕ್ಕದವರ ಮಾತು ಕೇಳುತ್ತಾನೆ, ನೀನು ಯಾವ ಮಹಾ?

ಬೋಮೆಲ್‌ಗೆ ಆಮೇಲೆ ಏನಾಯಿತು ಎಂಬುದು ಬೇಸರದ ಕಥೆ, ಆದರೂ ಹೇಳಲೇಬೇಕು. ಇಷ್ಟು ವರ್ಷ ದಿಬ್ಬ ಹಾರಿ, ಕಲ್ಲು ಹಾಯ್ದು ಕೈಕಾಲು ಉಳಿಸಿಕೊಂಡಿದ್ದ. 2025ರ ಜನವರಿಯಲ್ಲಿ ಫ್ರಾನ್ಸಿನ ಮಾಮೂಲಿ ರಸ್ತೆಯ ಬದಿಯಲ್ಲಿ ಗಾಡಿ ಕೆಟ್ಟು ನಿಂತವರಿಗೆ ಸಹಾಯ ಮಾಡಲು ಇಳಿದ. ಇನ್ನೊಂದು ಕಾರು ಬಂದು ಹೊಡೆಯಿತು. ಬಲಗಾಲನ್ನು ಕತ್ತರಿಸಬೇಕಾಯಿತು. ಗಟ್ಟಿಗ, ಕೃತಕ ಕಾಲು ಹಾಕಿಕೊಂಡು ಮತ್ತೆ ರ್‍ಯಾಲಿಗೆ ಬಂದ. ರೇಸಿನ ದಾರಿಯಲ್ಲಿ ಎಲ್ಲರೂ ಹೆಲ್ಮೆಟ್ ಹಾಕಿ ಎಚ್ಚರವಾಗಿರುತ್ತಾರೆ, ಮೇಲೆ ಹೆಲಿಕಾಪ್ಟರ್ ಇರುತ್ತದೆ. ಅಷ್ಟಿದ್ದೂ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಬೈಕಿನಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, 2021ರಲ್ಲಿ ಸೌದಿಯಲ್ಲಿ ಬಿದ್ದಾಗ ವೈದ್ಯರು ದಿನಗಟ್ಟಲೆ ಪ್ರಜ್ಞೆ ಬಾರದಂತೆ ಮಲಗಿಸಬೇಕಾಯಿತು. ಸಲ್ವಾ ರೋಡಿನಲ್ಲಿ ನಿನ್ನ ಪಕ್ಕದ ಲೇನಿನವನು ಮೊಬೈಲಿನಲ್ಲಿ ಊರಿನ ಕ್ರಿಕೆಟ್ ಸ್ಕೋರ್ ನೋಡುತ್ತಿರುತ್ತಾನೆ. ಅವನ ತಪ್ಪಿಗೂ ನೀನೇ ಜಾಗ ಬಿಟ್ಟಿರಬೇಕು.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಕೆಂಪು ಸಿಗ್ನಲ್ ಹಾರಿಸಿದರೆ 6000 ರಿಯಾಲ್. ನಿನ್ನ ತಿಂಗಳ ಸಂಬಳ ನನಗೆ ಗೊತ್ತಿರುವುದರಿಂದ ಹೆಚ್ಚು ವಿವರಿಸುವುದಿಲ್ಲ. ಕ್ಯಾಮೆರಾ ಫಳಕ್ಕೆಂದರೆ ನಗಬೇಡ, ಮೆಟ್ರಾಶ್ ಆ್ಯಪ್ ತೆರೆದು ನೋಡು. 2024ರ ಸೆಪ್ಟೆಂಬರಿನಿಂದ ಫೈನ್ ಬಾಕಿ ಇಟ್ಟುಕೊಂಡವರಿಗೆ ದೇಶ ಬಿಡಲು ಬಿಡುವುದಿಲ್ಲ. ತಂಗಿಯ ಮದುವೆಗೆಂದು ಸೂಟ್‌ಕೇಸ್ ಹಿಡಿದು ಏರ್‌ಪೋರ್ಟಿನಲ್ಲಿ ನಿಂತು ನನಗೆ ಫೋನ್ ಮಾಡಿದರೆ ನಾನು ಎತ್ತುತ್ತೇನೆ, ನಿಜ. ಎರಡು ಬೈಗುಳವನ್ನೂ ಸೇರಿಸಿ ಕೊಡುತ್ತೇನೆ. ನಾಸಿರ್‌ಗೆ ಪ್ರಾಯೋಜಕರಿದ್ದಾರೆ. ನಿನಗೆ ಇರುವವನು ನಾನೊಬ್ಬ, ನನ್ನದೂ ಪಿಂಚಣಿ ಇಲ್ಲದ ಬದುಕು.

ಇಷ್ಟೆಲ್ಲ ಹೇಳಿದೆ ಎಂದು ನೀನು ಗಾಡಿಯನ್ನು ಶೆಡ್ಡಿನಲ್ಲಿಟ್ಟು ಪೂಜೆ ಮಾಡು ಎಂದು ಅರ್ಥವಲ್ಲ. ವಯಸ್ಸಿನ ಬಿಸಿ ಇರಬೇಕು. ಸ್ಪೀಡು ಬೇಕೆಂದರೆ ಲುಸೈಲ್ ಸರ್ಕ್ಯೂಟ್ ಇದೆ. 2004ರಿಂದ ಮೋಟೋ ಜಿಪಿ ನಡೆಯುವ, 2021ರಲ್ಲಿ ಫಾರ್ಮುಲಾ ಒನ್ ಕಂಡ ಜಾಗ. ಹೋಗಿ ಟಿಕೆಟ್ ತೆಗೆದುಕೊಂಡು ಕೂತು ನೋಡು. ತಿರುವಿಗೆ ಎಷ್ಟು ಮುಂಚೆ ಬ್ರೇಕ್ ಒತ್ತುತ್ತಾರೆ ಎಂಬುದನ್ನು ಗಮನಿಸು. ನೇರ ದಾರಿಯಲ್ಲಿ ಯಾರು ಬೇಕಾದರೂ ಒತ್ತುತ್ತಾರೆ.

ಮರಳು ಬೇಕೆಂದರೆ ಸೀಲೈನ್. ಅಲ್ಲಿ ಮೊದಲ ಕೆಲಸ, ಮೆಸಯೀದ್ ದಾಟಿ ಡಾಂಬರು ಮುಗಿದ ಕೂಡಲೇ ಗಾಡಿ ನಿಲ್ಲಿಸು, ನಾಲ್ಕೂ ಟೈರಿನ ಗಾಳಿ ಇಳಿಸು. ರೋಡಿಗೆ 32, 35 ಇರುವ ಗಾಳಿಯನ್ನು 15ರ ಸುಮಾರಿಗೆ ತಾ. ಗಾಳಿ ಇಳಿದ ಟೈರು ಒಂಟೆಯ ಪಾದದ ಹಾಗೆ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ, ಹೂತುಹೋಗುವುದಿಲ್ಲ. ಲಕ್ಷ ಲಕ್ಷದ ಗಾಡಿ ತಂದು ಗಾಳಿ ಇಳಿಸಲು ಸೋಮಾರಿತನ ಮಾಡಿ, ಆಕ್ಸಲ್‌ವರೆಗೆ ಹೂತು, ಪಾಕಿಸ್ತಾನಿ ಡ್ರೈವರನ ಕೈಕಾಲು ಹಿಡಿದು ಎಳೆಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಸಿಕ್ಕಿಹಾಕಿಕೊಂಡರೆ ಆಕ್ಸಿಲರೇಟರ್ ತುಳಿಯಬೇಡ. ತುಳಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಇಳಿ, ಕೈಯಿಂದ ಮರಳು ಬಾಚು, ಇನ್ನಷ್ಟು ಗಾಳಿ ಇಳಿಸು, ಬಂದ ದಾರಿಯಲ್ಲೇ ಮೆಲ್ಲಗೆ ರಿವರ್ಸ್ ತೆಗೆ.

ಎರಡನೆಯದು ದಿಬ್ಬ. ಇಲ್ಲಿ ವರ್ಷದಲ್ಲಿ ಹೆಚ್ಚು ಕಾಲ ಬೀಸುವುದು ಶಮಾಲ್, ವಾಯವ್ಯದ ಗಾಳಿ. ಅದು ಮರಳನ್ನು ಒಂದೇ ಕಡೆ ತಳ್ಳುವುದರಿಂದ ದಿಬ್ಬದ ವಾಯವ್ಯ ಬದಿ ಇಳಿಜಾರು ಸಲೀಸು, ಆಗ್ನೇಯ ಬದಿ ಕಡಿದಾಗಿ ಬಿದ್ದಿರುತ್ತದೆ. ನೀನು ಖೋರ್ ಅಲ್ ಅದೈದ್ ಒಳಕಡಲಿನ ಕಡೆಗೆ, ಅಂದರೆ ದಕ್ಷಿಣಕ್ಕೆ ಹೋಗುವಾಗ ಹತ್ತುವ ಬದಿ ಮೋಸದ ಸಲೀಸು. ಹುಮ್ಮಸ್ಸಿನಲ್ಲಿ ಹತ್ತುತ್ತೀ. ಮೇಲೆ ಹೋದ ಮೇಲೆ ಬಾನೆಟ್‌ನ ಆಚೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಅಲ್ಲಿಯೇ ಕತ್ತು ಮುರಿಯುವುದು. ನಾಸಿರ್ ಹಾರುತ್ತಾನೆ, ಅವನ ಕಾರಿನ ಸಸ್ಪೆನ್ಷನ್ ಅದಕ್ಕೇ ಕಟ್ಟಿದ್ದು, ಪಕ್ಕದವನು ಆಚೆ ಏನಿದೆ ಎಂದು ಓದಿ ಹೇಳಿರುತ್ತಾನೆ. ನೀನು ತುದಿಗೆ ಮೊದಲೇ ನಿಲ್ಲಿಸಿ, ಇಳಿದು ನಡೆದು ಹೋಗಿ ನೋಡು. ಬಿಸಿ ಮರಳು ಚಪ್ಪಲಿಯೊಳಗೆ ಹೋದರೆ ಹೋಗಲಿ. ಒಳಕಡಲಿನ ದಂಡೆಯ ಉಪ್ಪು ನೆಲವನ್ನೂ ನಂಬಬೇಡ. ಮೇಲೆ ಒಣಗಿ ಗಟ್ಟಿ ಕಾಣುತ್ತದೆ, ಕೆಳಗೆ ಕೆಸರು. ಕಡಲು ಉಬ್ಬರಕ್ಕೆ ಬಂದರೆ ಗಾಡಿಯನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ. ಒಂಟಿ ಗಾಡಿಯಲ್ಲಂತೂ ಹೋಗಲೇಬೇಡ, ಎರಡು ಇರಲಿ. ನೀರು ಬೇಕಾದ್ದಕ್ಕಿಂತ ದುಪ್ಪಟ್ಟು ಇರಲಿ. ವಾಪಸು ಡಾಂಬರಿಗೆ ಬಂದ ಮೇಲೆ ಟೈರಿಗೆ ಮತ್ತೆ ಗಾಳಿ ತುಂಬಿಸದೆ ಹೆದ್ದಾರಿ ಹತ್ತಬೇಡ. ಕಡಿಮೆ ಗಾಳಿಯ ಟೈರು 120ರಲ್ಲಿ ಕಾದು ಸಿಡಿಯುತ್ತದೆ. ಹೋಗುವಾಗ ಇರುವ ಎಚ್ಚರ ಹಸಿದು ವಾಪಸಾಗುವಾಗ ಇರುವುದಿಲ್ಲ. ಬಹಳ ಮಂದಿ ಎಡವುವುದು ಅಲ್ಲೇ.

ಈ ಶುಕ್ರವಾರ ಜುಮ್ಮಾ ಮುಗಿದು ರಸ್ತೆ ತುಂಬುವ ಮೊದಲೇ, ಬೆಳಿಗ್ಗೆ ಐದಕ್ಕೆ ಹೊರಡೋಣ. ಬಲಗಡೆಯ ಸೀಟು ನನ್ನದು, ನಿನ್ನ ಗೆಳೆಯರು ಹಿಂದೆ ಕೂರಲಿ. ಬೆಲ್ಟು ಹಿಂದಿನವರಿಗೂ. ಗಾಳಿ ಅಳೆಯುವ ಗೇಜು ನನ್ನ ಬಳಿ ಇದೆ, ಕಂಪ್ರೆಸರ್ ಮತ್ತು ಎಳೆಯುವ ಹಗ್ಗ ನೀನು ತಾ. ನಾನು ‘ಎತ್ತು’ ಎಂದರೆ ಕಾಲು ಎತ್ತಬೇಕು, ಚರ್ಚೆ ಆಮೇಲೆ. ವಾಪಸು ಬರುವಾಗ ವಕ್ರಾದಲ್ಲಿ ಮೀನು ತಿನ್ನೋಣ. ಬಿಲ್ಲು ನಿನ್ನದು.